ತಬ್ಬಲಿ ಬರೆದ ತಾಯಂದಿರ ಪುಸ್ತಕ

ಹೊಸಪೇಟೆಯಿಂದ ಹಂಪಿಯ ಕಡೆಗೆ ಹೊರಟರೆ ಅನಂತಶಯನಗುಡಿ ದಾಟಿದ ಮೇಲೆ ಕಡ್ಡಿರಾಂಪುರ ಸಿಗುತ್ತದೆ. ಬಾಳೆ, ಕಬ್ಬು ಬೆಳೆಯುವ ಸೀಮೆ. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ವಾಸವಾಗಿದ್ದ ಸಂಸಾರಗಳನ್ನು ಒಕ್ಕಲೆಬ್ಬಿಸಿದಾಗ ಅವರಿಗೆ ಬದಲಿ ನಿವೇಶನ ಗೊತ್ತುಮಾಡಿದ್ದು ಈ ಊರಿನಲ್ಲಿಯೇ. ಇಂಥ ಊರಿನ ಒಂದು ಅಂಗನವಾಡಿಯನ್ನು ಮನಸ್ಸಿಗೆ ತಂದುಕೊಳ್ಳಿ. ಟೀಚರು ಚಿತ್ರದ ಪುಸ್ತಕ ಬಿಡಿಸಿ ಮಕ್ಕಳ ಕಡೆಗೆ ತಿರುಗಿಸಿ ಹಿಡಿದಿದ್ದಾರೆ. ಚಿತ್ರದಲ್ಲಿ ತಾಯಿಯೊಬ್ಬಳು ಮಗುವಿಗೆ ತುತ್ತು ಉಣಿಸುತ್ತಿದ್ದಾಳೆ. ಮಕ್ಕಳೆಲ್ಲ ತಮ್ಮ ತಮ್ಮ ಅಮ್ಮನ ಸುದ್ದಿ ಹೇಳಲು ನಾ ಮುಂದು ತಾ ಮುಂದು ಎನ್ನುತ್ತಿವೆ. ಮೂಲೆಯಲ್ಲಿ ಕುಳಿತ ಒಂದು ಮಗು ಮಾತ್ರ ಪುಸ್ತಕದಿಂದ ಕಣ್ಣು ತೆಗೆದು ನೆಲವನ್ನು ನೋಡುತ್ತಿದೆ. ಅದಕ್ಕೆ ಅಮ್ಮ ಇಲ್ಲ. ಅಥವಾ ಅಮ್ಮ ದುಡಿಮೆಗೆಂದು ದೂರದ ಊರಿಗೆ ಹೋಗಿ ಎಷ್ಟೋ ತಿಂಗಳಾಗಿದೆ.

ಆ ಮಗುವಿಗೆ ತಾಯಿಯ ಪ್ರೀತಿಯ ಪಾಠವನ್ನು ಹೇಗೆ ಹೇಳಿಕೊಡಬೇಕು? ಹೇಳದೆ ಬಿಟ್ಟರೆ ಉಳಿದ ಮಕ್ಕಳಿಗೆ ನಷ್ಟ, ಹೇಳಿದರೆ ಈ ಮಗುವಿಗೆ ನೋವು. ಇದೇ ನೋವನ್ನು ತಾನೇ ಉಂಡು, ಅದರಿಂದಲೇ ತಾಯಂದಿರಿಗಾಗಿ ಒಂದು ಚಿತ್ರಪುಸ್ತಕವನ್ನು ರಚಿಸಿದ ಉಪಾಧ್ಯಾಯರೊಬ್ಬರು ಇದ್ದರು. ನಮ್ಮ ಶಿಶುವಿಹಾರಗಳಿಗೆಲ್ಲ ಮೂಲಪುರುಷರಾದ ಫ್ರೀಡ್ರಿಕ್ ಫ್ರೊಬೆಲ್ ಅವರೇ ಆ ಮಹನೀಯರು. ಶಿಕ್ಷಕರ ತರಬೇತಿ ಪಡೆದವರೆಲ್ಲ ಪರೀಕ್ಷೆಗೆಂದು ಅವರ ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಅವರ ಬಾಳಿನ ಕಥೆಯನ್ನು ಬಲ್ಲವರು ಕಡಿಮೆ.

ತಾಯಿಯಿಲ್ಲದ ಮನೆ

ಜರ್ಮನಿಯ ತುರಿಂಗಿಯಾ ಎಂಬ ಕಾಡುಗುಡ್ಡಗಳ ನಾಡಿನಲ್ಲಿ ಓಬರ್‌ವೈಸ್‌ಬಾಕ್ ಎಂಬ ಹಳ್ಳಿಯಿದೆ. 1782ರ ಏಪ್ರಿಲ್ 21ರಂದು ಅಲ್ಲಿಯ ಲೂಥರನ್ ಸಭಾಪಾಲಕರ ಮನೆಯಲ್ಲಿ ಫ್ರೊಬೆಲ್ ಹುಟ್ಟಿದರು. ಮಗುವಿಗೆ ಒಂಬತ್ತು ತಿಂಗಳು ತುಂಬುತ್ತಿದ್ದಂತೆ ತಾಯಿ ತೀರಿಕೊಂಡರು. ತಾಯಿಯ ಮುಖದ ನೆನಪೂ ಆ ಮಗುವಿಗೆ ಉಳಿಯಲಿಲ್ಲ.

ತಂದೆ ಕಟ್ಟುನಿಟ್ಟಿನ ಮನುಷ್ಯ. ಸುತ್ತಲಿನ ಹಲವು ಹಳ್ಳಿಗಳ ಸಭೆಯ ಹೊಣೆ ಅವರ ಮೇಲಿತ್ತು. ಎಲ್ಲರ ಮನೆಯ ಕಷ್ಟಸುಖ ವಿಚಾರಿಸುತ್ತಿದ್ದ ಅವರಿಗೆ ತಮ್ಮ ಮನೆಯ ಕಿರಿಯ ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಡುವಿರಲಿಲ್ಲ. ಮಗು ಆಳುಕಾಳುಗಳ ಕೈಯಲ್ಲಿಯೂ ಅಣ್ಣಂದಿರ ಕೈಯಲ್ಲಿಯೂ ಬೆಳೆಯಿತು. ಅಣ್ಣಂದಿರಲ್ಲಿ ಕ್ರಿಸ್ಟೋಫ್ ಎಂಬಾತ ತಮ್ಮನನ್ನು ಬಹಳ ಅಕ್ಕರೆಯಿಂದ ನೋಡಿಕೊಂಡ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕೆಲವು ವರ್ಷಗಳಲ್ಲಿ ತಂದೆ ಎರಡನೆಯ ಮದುವೆ ಮಾಡಿಕೊಂಡರು. ಮಲತಾಯಿ ಮೊದಮೊದಲು ಮಗುವನ್ನು ಪ್ರೀತಿಯಿಂದಲೇ ಕಂಡಳು. ತಾಯಿಗಾಗಿ ಹಂಬಲಿಸುತ್ತಿದ್ದ ಹುಡುಗ ಅವಳಿಗೆ ತನ್ನ ಹೃದಯವನ್ನೆಲ್ಲ ಕೊಟ್ಟುಬಿಟ್ಟ. ಆದರೆ ಆಕೆಗೆ ತನ್ನದೇ ಮಗು ಹುಟ್ಟಿದ ಮೇಲೆ ಎಲ್ಲವೂ ಬದಲಾಯಿತು. ಅದುವರೆಗೆ ನೀನು ಎಂದು ಸಲುಗೆಯಿಂದ ಕರೆಯುತ್ತಿದ್ದವಳು ಆ ಮಾತನ್ನು ಬಿಟ್ಟು, ಪರಕೀಯರೊಡನೆ ಆಡುವ ರೀತಿಯಲ್ಲಿ ಮಾತನಾಡತೊಡಗಿದಳು. ಇದು ಎಂಥ ಶಿಕ್ಷೆಯೆಂಬುದು ಕನ್ನಡಿಗರಾದ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಅಮ್ಮನ ಬಾಯಲ್ಲಿ ಬರುವ ಏಕವಚನಕ್ಕಿಂತ ಹಿತವಾದ ಮಾತು ಮಗುವಿಗೆ ಇನ್ನೊಂದಿಲ್ಲ. ಹೊಡೆತವಿಲ್ಲ, ಬೈಗುಳವಿಲ್ಲ, ಬರೀ ಒಂದು ಮಾತಿನ ಬದಲಾವಣೆ. ಅಷ್ಟರಿಂದಲೇ ಹುಡುಗನಿಗೆ ತಾನು ಹೊರಗಿನವನೆಂದು ತಿಳಿದುಹೋಯಿತು. ಮುಪ್ಪಿನವರೆಗೂ ಅವರು ಅದನ್ನು ಮರೆಯಲಿಲ್ಲ.

ಮನೆಯ ಸುತ್ತ ಗೋಡೆ, ಬೇಲಿ, ಕಟ್ಟಡಗಳು. ಹುಡುಗನಿಗೆ ಕಾಣುತ್ತಿದ್ದುದು ತಲೆಯ ಮೇಲಿನ ಆಕಾಶ ಮತ್ತು ತೋಟದ ಗಿಡಗಳು ಮಾತ್ರ. ಅವನು ಮನುಷ್ಯರಿಂದ ಸಿಗದ ಸಮಾಧಾನವನ್ನು ಆ ತೋಟದಲ್ಲಿ ಹುಡುಕಿಕೊಂಡ. ಮುಂದೆ ಮಕ್ಕಳ ಶಾಲೆಗೆ ಹೆಸರಿಡುವ ಕಾಲ ಬಂದಾಗ ತೋಟವೆಂಬ ಮಾತೇ ಅವರ ನಾಲಗೆಗೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಹತ್ತನೆಯ ವಯಸ್ಸಿನಲ್ಲಿ ಹುಡುಗನ ದೆಸೆ ತಿರುಗಿತು. ತೀರಿಹೋದ ತಾಯಿಯ ಅಣ್ಣತಮ್ಮಂದಿರಲ್ಲೊಬ್ಬರು, ಅಂದರೆ ಹುಡುಗನ ಸೋದರಮಾವ, 1792ರಲ್ಲಿ ಅವನನ್ನು ತಮ್ಮ ಊರಾದ ಷ್ಟಾಟ್‌ಇಲ್ಮ್‌ಗೆ ಕರೆದುಕೊಂಡು ಹೋದರು. ತವರಿನ ಕರುಳು ಎಂದು ನಮ್ಮವರು ಹೇಳುವುದು ಸುಳ್ಳಲ್ಲ. ಆ ಮನೆಯಲ್ಲಿ ಹುಡುಗನ ಮೇಲೆ ನಂಬಿಕೆಯಿತ್ತು, ಓಡಾಡುವ ಸ್ವಾತಂತ್ರ್ಯವಿತ್ತು, ಆಡಲು ಜೊತೆಗಾರರಿದ್ದರು. ಹೆತ್ತವಳಲ್ಲದಿದ್ದರೂ ತಾಯಿಯ ಪ್ರೀತಿಯನ್ನು ಬೇರೊಬ್ಬರು ಕೊಡಬಲ್ಲರೆಂಬುದನ್ನು ಅವನು ಕಲಿತದ್ದು ಅಲ್ಲಿ.

ಅಣ್ಣನ ಋಣ

ಯೌವನದಲ್ಲಿ ಫ್ರೊಬೆಲ್ ಅವರಿಗೆ ದಾರಿ ಬೇಗನೆ ಸಿಗಲಿಲ್ಲ. ಅರಣ್ಯಾಧಿಕಾರಿಯೊಬ್ಬರ ಬಳಿ ಎರಡು ವರ್ಷ ಕೆಲಸ ಕಲಿತರು. ಯೇನಾ ವಿಶ್ವವಿದ್ಯಾನಿಲಯಕ್ಕೆ ಹೋದರು, ಆದರೆ ಸಾಲ ತೀರಿಸಲಾಗದೆ ಕೆಲವು ವಾರ ಸೆರೆಯಲ್ಲಿಯೂ ಕಳೆಯಬೇಕಾಯಿತು. ವಾಸ್ತುಶಿಲ್ಪ ಕಲಿಯಲು 1805ರಲ್ಲಿ ಫ್ರಾಂಕ್‌ಫರ್ಟ್ ನಗರಕ್ಕೆ ಬಂದಾಗ ಅಲ್ಲಿಯ ಶಾಲೆಯೊಂದರ ಮುಖ್ಯಸ್ಥರು ಇವರನ್ನು ನೋಡಿ ಪಾಠ ಹೇಳಲು ಒತ್ತಾಯಿಸಿದರು. ಮಕ್ಕಳ ಮುಂದೆ ನಿಂತ ಮೊದಲ ದಿನವೇ ಫ್ರೊಬೆಲ್ ಅವರಿಗೆ ತಮ್ಮ ಕರೆ ಯಾವುದೆಂದು ತಿಳಿಯಿತು.

ಆ ಕಾಲದಲ್ಲಿ ಸ್ವಿಟ್ಸರ್ಲೆಂಡಿನ ಪೆಸ್ಟಲಾಟ್ಸಿ ಎಂಬ ಶಿಕ್ಷಣತಜ್ಞರ ಹೆಸರು ಯುರೋಪಿನಲ್ಲೆಲ್ಲ ಹರಡಿತ್ತು. ಬಡಮಕ್ಕಳನ್ನು, ಅನಾಥರನ್ನು ಕೂಡಿಸಿಕೊಂಡು ಶಾಲೆ ನಡೆಸಿದವರು ಅವರು. ಮಗುವಿನ ಮೊದಲ ಗುರು ತಾಯಿ ಎಂಬುದು ಅವರ ಬೋಧನೆ. ಫ್ರೊಬೆಲ್ 1808ರಿಂದ 1810ರವರೆಗೆ ಅವರ ಬಳಿಯಲ್ಲಿದ್ದು ಕಲಿತರು. ತಾಯಿಯನ್ನೇ ಕಾಣದ ಶಿಷ್ಯನಿಗೆ ಆ ಬೋಧನೆ ಎಷ್ಟು ಆಳಕ್ಕೆ ಇಳಿದಿರಬೇಕು!

ನೆಪೋಲಿಯನ್ ವಿರುದ್ಧ 1813ರಲ್ಲಿ ನಡೆದ ಯುದ್ಧದಲ್ಲಿ ಫ್ರೊಬೆಲ್ ಸ್ವಯಂಸೇವಕರಾಗಿ ಸೇರಿದರು. ಅದೇ ವರ್ಷ ಅವರ ಅಕ್ಕರೆಯ ಅಣ್ಣ ಕ್ರಿಸ್ಟೋಫ್, ರೋಗಪೀಡಿತ ಸೈನಿಕರ ಆರೈಕೆ ಮಾಡುತ್ತ ತಾನೂ ವಿಷಮಜ್ವರಕ್ಕೆ ತುತ್ತಾಗಿ ಸತ್ತುಹೋದ. ಅವನ ಮೂವರು ಗಂಡುಮಕ್ಕಳು ತಂದೆಯಿಲ್ಲದವರಾದರು. ಆಗ ಫ್ರೊಬೆಲ್ ಅವರಿಗೆ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಖನಿಜಗಳನ್ನು ವಿಂಗಡಿಸುವ ಒಳ್ಳೆಯ ಕೆಲಸವಿತ್ತು. ಅದನ್ನು ಬಿಟ್ಟು 1816ರ ನವೆಂಬರಿನಲ್ಲಿ ಅಣ್ಣನ ಊರಿಗೆ ಬಂದು, ಅವನ ಮೂವರು ಮಕ್ಕಳನ್ನೂ ಇನ್ನೊಬ್ಬ ಅಣ್ಣನ ಇಬ್ಬರನ್ನೂ ಸೇರಿಸಿಕೊಂಡು ಐದೇ ಮಕ್ಕಳ ಶಾಲೆ ತೆರೆದರು. ತನ್ನನ್ನು ತಬ್ಬಲಿತನದಲ್ಲಿ ಎತ್ತಿ ಆಡಿಸಿದ ಅಣ್ಣನ ಋಣವನ್ನು ಅಣ್ಣನ ಮಕ್ಕಳಿಗೆ ತೀರಿಸಿದರು. ಮರುವರ್ಷ ಆ ಶಾಲೆ ಕೈಲ್‌ಹೌ ಎಂಬ ಹಳ್ಳಿಗೆ ಹೋಯಿತು.

ಅಲ್ಲಿಯ ಬಡತನ ಅಷ್ಟಿಷ್ಟಲ್ಲ. ಒಂದು ಕಾಲಕ್ಕೆ ಅರವತ್ತರಷ್ಟಿದ್ದ ವಿದ್ಯಾರ್ಥಿಗಳು, ಸರಕಾರದ ಸಂಶಯದ ಕಣ್ಣು ಬಿದ್ದ ಮೇಲೆ 1829ರ ಹೊತ್ತಿಗೆ ಐವರಿಗೆ ಇಳಿದರು. ಮತ್ತೆ ಸ್ವಿಟ್ಸರ್ಲೆಂಡಿಗೆ ಹೋಗಿ ಶಾಲೆ ತೆರೆದರೆ, ವಿಲ್ಲಿಸೌ ಎಂಬ ಕಥೋಲಿಕ ಊರಿನಲ್ಲಿ ಇವರು ಪ್ರೊಟೆಸ್ಟೆಂಟ್ ಎಂಬ ಕಾರಣಕ್ಕೆ ನಮ್ಮ ಗುರುಗಳಲ್ಲಿ ಕೆಲವರೇ ಜನರನ್ನು ಇವರ ವಿರುದ್ಧ ಎತ್ತಿಕಟ್ಟಿದರು. ಕಥೋಲಿಕರಾದ ನಾವು ಇದನ್ನು ಮುಚ್ಚಿಡದೆ ಒಪ್ಪಿಕೊಳ್ಳುವುದೇ ಒಳ್ಳೆಯದು. ಫ್ರೊಬೆಲ್ ಹಗೆ ಸಾಧಿಸಲಿಲ್ಲ. 1835ರಲ್ಲಿ ಬುರ್ಗ್‌ಡೋರ್ಫ್ ಊರಿನ ಅನಾಥಾಲಯದ ಹೊಣೆ ಹೊತ್ತರು. ಅಲ್ಲಿ ಅವರ ಕಣ್ಣು ತೆರೆಯಿತು. ಶಾಲೆಗೆ ಬರುವ ಹೊತ್ತಿಗಾಗಲೇ ಎಷ್ಟೋ ಮಕ್ಕಳ ಮನಸ್ಸು ಬಾಡಿಹೋಗಿರುತ್ತದೆ. ಅಕ್ಷರ ಕಲಿಯುವ ಮುಂಚಿನ ವರ್ಷಗಳಲ್ಲಿ ಪ್ರೀತಿ ಸಿಗದಿದ್ದರೆ ಮುಂದಿನ ಪಾಠವೆಲ್ಲ ಕಲ್ಲಿನ ಮೇಲೆ ಸುರಿದ ಮಳೆ. ಆದ್ದರಿಂದ ಶಿಕ್ಷಣವು ತಾಯಿಯ ಮಡಿಲಿನಿಂದಲೇ ಪ್ರಾರಂಭವಾಗಬೇಕೆಂದು ಅವರು ತೀರ್ಮಾನಿಸಿದರು.

ಮಕ್ಕಳ ತೋಟ

ಹೆಂಡತಿಯ ಕಾಯಿಲೆಯಿಂದಾಗಿ ತಾಯ್ನಾಡಿಗೆ ಮರಳಿದ ಫ್ರೊಬೆಲ್, 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ ನೆಲೆಸಿದರು. ನೂಲಿನ ಚೆಂಡು, ಮರದ ಗುಂಡು, ಮರದ ಘನ, ಸಿಲಿಂಡರ್ ಮುಂತಾದ ಆಟದ ಸಾಮಾನುಗಳನ್ನು ಮಕ್ಕಳಿಗಾಗಿ ಮಾಡಿಸಿದರು. 1839ರಲ್ಲಿ ಹೆಂಡತಿ ತೀರಿಕೊಂಡರು. ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಆ ದುಃಖದ ಮಧ್ಯದಲ್ಲಿಯೇ, 1840ರಲ್ಲಿ, ಚಿಕ್ಕಮಕ್ಕಳ ತಾಣಕ್ಕೆ ಅವರು ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಮಕ್ಕಳ ತೋಟವೆಂದು ಅದರ ಅರ್ಥ. ತೋಟದಲ್ಲಿ ಗಿಡವನ್ನು ಯಾರೂ ಹಿಡಿದೆಳೆದು ಬೆಳೆಸುವುದಿಲ್ಲ. ನೀರು, ಬೆಳಕು, ಬೇಲಿ ಕೊಟ್ಟರೆ ದೇವರು ಬೆಳೆಸುತ್ತಾನೆ.

ಆ ತೋಟದ ಮುಖ್ಯ ಫಲವೇ 1844ರಲ್ಲಿ ಹೊರಬಂದ ತಾಯಂದಿರ ಹಾಡುಗಳ ಚಿತ್ರಪುಸ್ತಕ. ಫ್ರೊಬೆಲ್ ಅದನ್ನು ಗ್ರಂಥಾಲಯದಲ್ಲಿ ಕುಳಿತು ಕಲ್ಪಿಸಿಕೊಂಡು ಬರೆಯಲಿಲ್ಲ. ಹಳ್ಳಿಯ ಬಡ ತಾಯಂದಿರು ಮಕ್ಕಳನ್ನು ಹೇಗೆ ಆಡಿಸುತ್ತಾರೆಂಬುದನ್ನು ನಿಂತು ನೋಡಿದರು. ಚಪ್ಪಾಳೆ ತಟ್ಟಿಸುವುದು, ಬೆರಳು ಎಣಿಸುವುದು, ಕೈಯಾಡಿಸಿ ಹಕ್ಕಿಗಳನ್ನು ಕರೆಯುವುದು ಮುಂತಾದವುಗಳನ್ನು ಆರಿಸಿಕೊಂಡರು. ನಮ್ಮ ಅಜ್ಜಿಯರು ಮಗುವಿನ ಅಂಗೈಯಲ್ಲಿ ಬೆರಳು ಸುತ್ತಿಸಿ, ಒಬ್ಬೊಬ್ಬರಿಗೂ ತುತ್ತು ಹಂಚಿ, ಕೊನೆಗೆ ಕಂಕುಳಿಗೆ ಕಚಗುಳಿ ಇಡುವ ಆಟವಿದೆಯಲ್ಲ, ಅಂಥವೇ ಆಟಗಳು. ಓದುಬರಹ ಬಾರದ ತಾಯಿಯೂ ದೊಡ್ಡ ಗುರು ಎಂಬುದನ್ನು ಅವರು ಹೀಗೆ ಕಂಡುಕೊಂಡರು. ಆಟದ ಹಾಡುಗಳೇ ಸುಮಾರು ಐವತ್ತು. ಪ್ರತಿಯೊಂದಕ್ಕೂ ಒಂದು ಚಿತ್ರ, ಕೈಯನ್ನು ಹೇಗೆ ಹಿಡಿಯಬೇಕೆಂದು ತೋರಿಸುವ ಇನ್ನೊಂದು ಪುಟ್ಟ ಚಿತ್ರ, ತಾಯಿಗಾಗಿ ಎರಡು ಮಾತು, ಹಾಡಲು ರಾಗ. ಚಿತ್ರಗಳನ್ನು ಬರೆದವರು ಫ್ರೀಡ್ರಿಕ್ ಉಂಗರ್, ರಾಗ ಹಾಕಿದವರು ರೊಬರ್ಟ್ ಕೋಲ್. ಫ್ರೊಬೆಲ್ ಅವರ ಪದ್ಯಗಳು ಅಷ್ಟೇನೂ ಸೊಗಸಾಗಿರಲಿಲ್ಲವೆಂದು ಅವರ ಅಭಿಮಾನಿಗಳೇ ಒಪ್ಪುತ್ತಾರೆ. ಆದರೂ ಪುಸ್ತಕ ಉಳಿಯಿತು.

ಅದರಲ್ಲಿರುವ ಹಕ್ಕಿಗೂಡಿನ ಪುಟವನ್ನೇ ತೆಗೆದುಕೊಳ್ಳಿ. ತಾಯಿ ಮೊದಲು ಮಗುವಿನ ಎರಡೂ ಕೈಗಳನ್ನು ಬೊಗಸೆಯಂತೆ ಕೂಡಿಸಿ ಗೂಡು ಮಾಡಿಸುತ್ತಾಳೆ. ಹೆಬ್ಬೆರಳುಗಳು ಒಳಗೆ ಅಡಗಿದ ಮೊಟ್ಟೆಗಳು, ಅವೇ ಆಮೇಲೆ ತಾಯಿಯನ್ನು ಕರೆಯುವ ಮರಿಗಳು. ಆಟ ಮುಗಿದ ಮೇಲೆ ಚಿತ್ರ. ಅಲ್ಲಿ ಪೊದೆಯಲ್ಲಿ ನಿಜವಾದ ಗೂಡಿದೆ. ತಾಯಿಯ ಪ್ರೀತಿ ದೊಡ್ಡದು ಎಂದು ಉಪದೇಶ ಮಾಡುವ ಅಗತ್ಯವೇ ಇಲ್ಲ. ಮಗುವಿನ ಕೈಯೇ ಗೂಡಾಗಿ, ಪುಟ್ಟದನ್ನು ಬೆಚ್ಚಗೆ ಹಿಡಿದುಕೊಳ್ಳುವುದೆಂದರೆ ಏನೆಂದು ಅರಿತುಕೊಂಡಿದೆ. ಮನೆ ಕಳೆದುಕೊಂಡು ಬೇರೆಡೆ ಬದುಕು ಕಟ್ಟಿದವರ ಮಕ್ಕಳಿಗೆ ಈ ಪುಟ ಇನ್ನಷ್ಟು ಬೇಗ ಅರ್ಥವಾದೀತು.

ರೊಟ್ಟಿ ತಟ್ಟುವ ಪುಟ ಇನ್ನೊಂದು. ಮಗು ಕೈತಟ್ಟಿ ರೊಟ್ಟಿ ಮಾಡುವ ಆಟವಾಡುತ್ತದೆ. ರೊಟ್ಟಿ ಕೊಟ್ಟವಳು ತಾಯಿ. ಆದರೆ ತಾಯಿಗೆ ಬೇಯಿಸುವವನ ನೆರವು ಬೇಕು, ಅವನಿಗೆ ಹಿಟ್ಟು ಬೀಸುವವನು ಬೇಕು, ಅವನಿಗೆ ಕಾಳು ಬೆಳೆಯುವ ರೈತ ಬೇಕು, ರೈತನಿಗೆ ಮಳೆ ಬಿಸಿಲು ಬೇಕು, ಮಳೆ ಬಿಸಿಲು ಕೊಡುವವನು ದೇವರು. ಹೀಗೆ ತಾಯಿಯ ಕೈತುತ್ತಿನಿಂದ ಹೊರಟ ಮಗು ಕೈಹಿಡಿದು ನಡೆದು ಪರಮ ಪಿತನವರೆಗೆ ಹೋಗುತ್ತದೆ. ಜೋಳದ ರೊಟ್ಟಿಯ ನಾಡಿನ ನಮ್ಮ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಪಾಠ ಇನ್ನೊಂದಿದೆಯೇ?

ಇಲ್ಲಿಯೇ ಆ ಪುಸ್ತಕದ ಗುಟ್ಟಿರುವುದು. ತಾಯಿಯ ಪ್ರೀತಿಯನ್ನು ಅದು ಹೆತ್ತವಳೊಬ್ಬಳೊಳಗೆ ಮುಚ್ಚಿಡುವುದಿಲ್ಲ. ಆ ಪ್ರೀತಿ ಅನೇಕರ ಕೈಗಳಿಂದ ಹರಿದು ಬರುತ್ತದೆಂದು ತೋರಿಸುತ್ತದೆ. ಸ್ವಂತ ತಾಯಿಯನ್ನು ಕಾಣದಿದ್ದರೂ ಅಣ್ಣನಲ್ಲಿ, ಸೋದರಮಾವನಲ್ಲಿ ಆ ಪ್ರೀತಿಯನ್ನು ಕಂಡವರು ಬರೆದ ಪುಸ್ತಕವಲ್ಲವೇ ಅದು?

ನಿಷೇಧ ಮತ್ತು ಅಂತ್ಯ

ಮುಪ್ಪಿನಲ್ಲಿ ಫ್ರೊಬೆಲ್ ಯುವತಿಯರಿಗೆ ಶಿಶುಶಿಕ್ಷಣದ ತರಬೇತಿ ಕೊಡತೊಡಗಿದರು. ಮಕ್ಕಳೊಡನೆ ಹಾಡಿ ಕುಣಿಯುವ ಮುದುಕನನ್ನು ಕಂಡು ಊರವರು ನಕ್ಕರೂ ಅವರು ಬಿಡಲಿಲ್ಲ. 1851ರ ಆಗಸ್ಟ್ ತಿಂಗಳಲ್ಲಿ ಸಿಡಿಲು ಬಡಿಯಿತು. ಕಿಂಡರ್‌ಗಾರ್ಟನ್‌ಗಳು ಮಕ್ಕಳನ್ನು ನಾಸ್ತಿಕರನ್ನಾಗಿ ಮಾಡುತ್ತವೆಂದು ಆರೋಪಿಸಿ ಪ್ರಶ್ಯದ ಸರಕಾರ ಅವುಗಳನ್ನೆಲ್ಲ ನಿಷೇಧಿಸಿತು. ಅವರ ಅಣ್ಣನ ಮಗ ಕಾರ್ಲ್ ಬರೆದ ಪುಸ್ತಿಕೆಯೊಂದನ್ನು ಇವರದೇ ಎಂದು ತಪ್ಪಾಗಿ ತಿಳಿದುದು ಇದಕ್ಕೆ ಒಂದು ಕಾರಣ. ರಾಜನಿಗೆ ಬರೆದುಕೊಂಡ ಮನವಿಯೂ ಫಲಿಸಲಿಲ್ಲ.

ದೇವರ ಬಳಿಗೆ ಮಕ್ಕಳನ್ನು ಕರೆದೊಯ್ಯಲು ಬಾಳನ್ನೇ ಸವೆಸಿದವರ ಮೇಲೆ ನಾಸ್ತಿಕತೆಯ ಆರೋಪ! 1852ರಲ್ಲಿ ಗೋಥಾ ನಗರದ ಶಿಕ್ಷಕರ ಸಮಾವೇಶಕ್ಕೆ ಅವರು ಕಾಲಿಟ್ಟಾಗ ನೆರೆದ ಉಪಾಧ್ಯಾಯರೆಲ್ಲರೂ ಎದ್ದುನಿಂತು ಗೌರವಿಸಿದರು. ಅದಾಗಿ ಕೆಲವೇ ವಾರಗಳಲ್ಲಿ ಅವರು ಹಾಸಿಗೆ ಹಿಡಿದರು. ಸಾವಿನ ಹೊತ್ತಿನಲ್ಲಿ, ಎಳೆಮಗುವಾಗಿದ್ದಾಗ ತಮ್ಮ ಜ್ಞಾನಸ್ನಾನಕ್ಕೆಂದು ಬರೆದುಕೊಟ್ಟಿದ್ದ ಪತ್ರವನ್ನು ತರಿಸಿ ಓದಿಸಿದರು. ಅವರ ವಿಶ್ವಾಸಕ್ಕೆ ಅದೇ ಸಾಕ್ಷಿಪತ್ರ. 1852ರ ಜೂನ್ 21ರಂದು ಮರೀನ್‌ತಾಲ್ ಎಂಬಲ್ಲಿ ಅವರು ಕಣ್ಣುಮುಚ್ಚಿದರು. ಆ ಹೆಸರಿನ ಅರ್ಥ ಮರಿಯಳ ಕಣಿವೆ ಎಂದೇ. ತಾಯಿಯಿಲ್ಲದೆ ಬೆಳೆದ ಮಗ ಮಾತೆಯೊಬ್ಬಳ ಹೆಸರಿನ ನೆಲದಲ್ಲಿ ಕೊನೆಯುಸಿರೆಳೆದ. ಸಮಾಧಿಯ ಮೇಲೆ ಮಕ್ಕಳ ಆಟದ ಘನ, ಸಿಲಿಂಡರ್, ಗುಂಡುಗಳದೇ ಕಲ್ಲಿನ ಸ್ಮಾರಕವಿದೆ.

ನಿಷೇಧವನ್ನು ತೆಗೆದುಹಾಕಿದ್ದು 1860ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳ ನಂತರ. ಅಷ್ಟರಲ್ಲಿ ಅವರ ಶಿಷ್ಯೆಯರು ಮಕ್ಕಳ ತೋಟದ ಬೀಜವನ್ನು ದೇಶದೇಶಕ್ಕೆ ಒಯ್ದಿದ್ದರು. ನಮ್ಮ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇಂದು ಅಂಗನವಾಡಿಯಿಲ್ಲದ ಊರು ಅಪರೂಪ. ಅವರದು ತೋಟ, ನಮ್ಮದು ಅಂಗಳ, ಅಷ್ಟೇ ವ್ಯತ್ಯಾಸ.

ನಮ್ಮ ಮಕ್ಕಳಿಗೆ

ಚಿತ್ರದಿಂದ ಕಥೆ ಹೇಳುವುದು ಕಡ್ಡಿರಾಂಪುರದ ಸೀಮೆಗೆ ಹೊಸದೇನಲ್ಲ. ಹತ್ತಿರದ ಹಂಪಿಯ ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಕಥೆ ಸಾಲುಸಾಲಾಗಿ ಕಲ್ಲಿನಲ್ಲಿ ಮೂಡಿದೆ. ಇಗರ್ಜಿಗಳಲ್ಲಿರುವ ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳೂ ಹಾಗೆಯೇ. ಅವುಗಳಲ್ಲಿ ನಾಲ್ಕನೆಯದರ ಮುಂದೆ ನಿಂತು, ದಾರಿಯಲ್ಲಿ ಮಗನನ್ನು ಎದುರುಗೊಂಡ ತಾಯಿಯನ್ನು ತೋರಿಸಿದರೆ ಮಗು ಏನನ್ನೂ ಕೇಳದೆ ಅರ್ಥಮಾಡಿಕೊಳ್ಳುತ್ತದೆ.

ಉಪಾಧ್ಯಾಯಿನಿಯರೇ, ಧರ್ಮೋಪದೇಶ ಮಾಡುವ ತರುಣ ತರುಣಿಯರೇ, ಫ್ರೊಬೆಲ್ ಅವರ ಬಾಳಿನಿಂದ ನಾವು ಕಲಿಯಬಹುದಾದದ್ದು ಸರಳವಾಗಿದೆ. ಚಿತ್ರಪುಸ್ತಕ ತೆರೆಯುವ ಮುಂಚೆ ಮಕ್ಕಳ ಕೈಗಳಿಗೆ ಕೆಲಸ ಕೊಡಿ. ಗೂಡು ಕಟ್ಟಿಸಿ, ರೊಟ್ಟಿ ತಟ್ಟಿಸಿ. ಆಮೇಲೆ ಚಿತ್ರವನ್ನು ತೋರಿಸಿ ಸುಮ್ಮನಿರಿ. ಮಗು ತಾನೇ ಹುಡುಕಲಿ, ತಾನೇ ಹೇಳಲಿ. ನಿನ್ನ ಅಮ್ಮ ನಿನಗೆ ಏನು ಮಾಡುತ್ತಾಳೆ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಪ್ರಶ್ನಿಸುವ ಬದಲು, ನಿನಗೆ ಊಟ ಬಡಿಸುವವರು ಯಾರು, ತಲೆ ಬಾಚುವವರು ಯಾರು, ಜ್ವರ ಬಂದಾಗ ಹಣೆ ಮುಟ್ಟಿ ನೋಡುವವರು ಯಾರು ಎಂದು ಕೇಳಿ. ಆಗ ಮೂಲೆಯಲ್ಲಿ ಕುಳಿತ ಮಗುವಿಗೂ ಉತ್ತರವಿರುತ್ತದೆ. ಅಜ್ಜಿ ಎನ್ನಬಹುದು, ಅಕ್ಕ ಎನ್ನಬಹುದು, ಅಪ್ಪ ಎನ್ನಬಹುದು. ತಾಯಿಯ ಪ್ರೀತಿ ತನ್ನ ಮನೆಯಲ್ಲಿಯೂ ಇದೆಯೆಂದು ಅದಕ್ಕೆ ತಿಳಿಯುತ್ತದೆ. ಉತ್ತರವೇ ಇಲ್ಲದ ಮಗು ಇದ್ದರೆ, ಆ ಉತ್ತರ ನೀವೇ ಆಗಬೇಕು.

ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಪುಣ್ಯಕೋಟಿಯ ಕಥೆಯೂ ಇದನ್ನೇ ಹೇಳುತ್ತದೆ. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಹೊರಟ ಹಸು ತನ್ನ ಕರುವನ್ನು ಸುಮ್ಮನೆ ಬಿಟ್ಟು ಹೋಗಲಿಲ್ಲ. ಕೊಟ್ಟಿಗೆಯ ಉಳಿದ ಹಸುಗಳನ್ನು ಕರೆದು, ತಬ್ಬಲಿಯನ್ನು ನಿಮ್ಮದೆಂದೇ ಕಾಣಿರೆಂದು ಒಪ್ಪಿಸಿ ಹೋಯಿತು. ನಾವು ಹುಲಿಯನ್ನೂ ಸತ್ಯವನ್ನೂ ನೆನಪಿಟ್ಟುಕೊಂಡು, ಆ ಉಳಿದ ಹಸುಗಳನ್ನು ಮರೆತುಬಿಡುತ್ತೇವೆ. ಪ್ರಭು ಯೇಸುವೂ ಶಿಲುಬೆಯ ಮೇಲಿಂದ ತಾಯಿಯನ್ನು ಶಿಷ್ಯನಿಗೂ ಶಿಷ್ಯನನ್ನು ತಾಯಿಗೂ ಒಪ್ಪಿಸಿಕೊಟ್ಟರು.

ಮುಂದಿನ ಸಲ ಮಕ್ಕಳ ಮುಂದೆ ಚಿತ್ರಪುಸ್ತಕ ಬಿಡಿಸುವಾಗ ಒಮ್ಮೆ ಮೂಲೆಯ ಕಡೆಗೆ ಕಣ್ಣು ಹಾಯಿಸಿ. ನೆಲ ನೋಡುತ್ತಿರುವ ಮಗುವನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಪುಟ ತಿರುಗಿಸುವ ಕೆಲಸವನ್ನು ಅದಕ್ಕೇ ಕೊಡಿ.